ಕರಿ ಚೀಟಿ

ನಮ್ಮಕ್ಕನನ್ನು ಬೆಳಗ್ಗೆಯೇ ಸಾಯಿಸಿಬಿಟ್ಟರು.

ತೋಟಪ್ಪ ಒಂದು ಕರಿ ಚೀಟಿ ತಂದು ಅವಳ ಮುಂಗೈಗೆ ದಾರದಲ್ಲಿ ಕಟ್ಟಿದ. ಕಟ್ಟುವಾಗ ತನ್ನ ಕೈ ಅವಳ ಮೈಗೆ ತಾಕದಂತೆ ದಾರದ ಎರಡು ತುದಿಗಳನ್ನು ಮಾತ್ರ ಹಿಡಿದಿದ್ದ. ಹಾಗೆ ಕಟ್ಟಿದರೆ ಗಂಟು ಎಲ್ಲಿ ನಿಂತೀತು? "ನೀನೇ ಬಿಗ್ ಮಾಡ್ಕಳಮ್ಮ," ಅಂದ. ಅಕ್ಕ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಬೆರಳಲ್ಲಿ ಎಳೆದು ತಾನೇ ಬಿಗಿದುಕೊಂಡಳು.

ತೋಟಪ್ಪ ಊರಿನವನು. ಹೋಂಗಾರ್ಡು ಹುಡುಗರಿಗೆ ಮುಖಂಡ. ಭೂಕಂಪ ಆದರೆ ಏನು ಮಾಡಬೇಕು ಅಂತ ಅವನಿಗೆ ಹಿಂದೂಪುರದಲ್ಲಿ ಪಾಠ ಹೇಳಿಕೊಟ್ಟಿದ್ದರು. ಅವನು ಅದನ್ನು ನಮಗೆ ಒಪ್ಪಿಸಿದ. ಕೆಂಪು ಚೀಟಿ ಅಂದರೆ ಜೀವ ಇದೆ, ಮೊದಲು ಎತ್ತಬೇಕು. ಹಳದಿ ಅಂದರೆ ಆಮೇಲೆ ಎತ್ತಿದರೂ ನಡೆಯುತ್ತದೆ. ಹಸುರು ಅಂದರೆ ನಡೆದಾಡುವವರು. ಕರಿ ಅಂದರೆ ಸತ್ತವರು. ಅವರನ್ನು ದಾಟಿಕೊಂಡು ಮುಂದೆ ಹೋಗಬೇಕು.

"ಕೆಂಪಿನೋರು ಕಿರುಚ್ಬೇಕು. ಹಳದಿಯೋರು ನರಳ್ಬೇಕು. ಕರಿಯೋರು ಪಿಟ್ ಅನ್ನಂಗಿಲ್ಲ. ಗೊತ್ತಾಯ್ತೇನ್ರಲಾ?"

ನನಗೆ ಕೆಂಪು ಕಟ್ಟಿದರು, ಕೇರಿಯ ಉಳಿದವರಿಗೆ ಕರಿ, ಹಳದಿ. ಊರಿನವರಿಗೆಲ್ಲ ಹಸುರು. ಅವರು ಬೇವಿನ ಮರದಡಿ ಓಡಾಡಿಕೊಂಡು ಬಿಸ್ಕತ್ತು ತಿನ್ನುತ್ತಿದ್ದರು. ಕರಿ ಚೀಟಿ ಒಬ್ಬ ಊರಿನವನೂ ಮುಟ್ಟಲಿಲ್ಲ. ಊರಿನ ಹಿರಿಯ ಶ್ರೀರಾಮಪ್ಪ ಹಿಂದೂಪುರದಿಂದ ಬಂದ ಆಫೀಸರಿಗೆ ಮೊದಲೇ ಹೇಳಿಬಿಟ್ಟಿದ್ದ. "ಬದ್ಕಿರೋ ಜನಕ್ಕೆ ಸಾವಿನ ಚೀಟಿ ಕಟ್ಟಿದ್ರೆ ಅಪಶಕುನ ಸಾ. ಕೇರಿಯೋರ್ಗೆ ಕಟ್ರಿ."

"ನಾವೇನು ಬದ್ಕಿಲ್ವಾ ಗೌಡ?" ಅಂತ ನಮ್ಮ ಪೋತಪ್ಪ ಕೇಳಿದ.

ಶ್ರೀರಾಮಪ್ಪ ನಕ್ಕ. "ನಿಮ್ಗೆ ಸಾವು ಹೊಸ್ದೇನ್ಲಾ? ನಿಮ್ ಕೆಲ್ಸಾನೇ ಅದಲ್ವಾ."

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಊರಲ್ಲಿ ಯಾರಾದರೂ ನೇಣು ಹಾಕಿಕೊಂಡರೆ ಇಳಿಸಲು ಕೇರಿಗೆ ಹೇಳಿಕಳಿಸುತ್ತಾರೆ. ಬಾವಿಯಲ್ಲಿ ಉಬ್ಬಿ ತೇಲಿದ ಹೆಣ ಮೇಲೆತ್ತಲು ಕೇರಿಗೆ ಹೇಳಿಕಳಿಸುತ್ತಾರೆ. ಬೆಂಗಳೂರಿನ ರೈಲಿಗೆ ಯಾರಾದರೂ ಸಿಕ್ಕಿದರೆ ಪೊಲೀಸ್ ಜೀಪು ನೇರವಾಗಿ ಬಂದು ನಿಲ್ಲುವುದು ಪೋತಪ್ಪನ ಬಾಗಿಲಿಗೆ. ಕಾನಿಸ್ಟೇಬಲ್ಲು ಜೀಪಿನಿಂದ ಇಳಿಯುವುದೂ ಇಲ್ಲ. "ಪೋತಪ್ಪಾ, ಹೆಣ ಐತೆ, ಬಾರ್ಲಾ," ಅಂತ ಒಂದು ಕೂಗು. ಪೋತಪ್ಪ ಉಣ್ಣುವ ತಟ್ಟೆ ಬಿಟ್ಟು ಗೋಣಿಚೀಲ ಹಿಡಿದು ಏಳುತ್ತಾನೆ. ಕಂಬಿಯ ಮೇಲೆ ಬಿದ್ದದ್ದನ್ನು ಆರಿಸುತ್ತಾನೆ. ಅವರು ದೂರದಲ್ಲಿ ಮೂಗು ಮುಚ್ಚಿಕೊಂಡು ನಿಂತು, "ಅಗಾ, ಅಲ್ಲೊಂದು ಉಳ್ಕಂತು ನೋಡು," ಅನ್ನುತ್ತಾರೆ. ಅವನ ಅಪ್ಪನೂ ಹೀಗೇ ಎದ್ದು ಹೋಗುತ್ತಿದ್ದ. ಕೂಗಿದಾಗ ಏಳದೇ ಇದ್ದ ಗಂಡಸು ನಮ್ಮ ಕೇರಿಯಲ್ಲಿ ಇಲ್ಲ.

ಈ ಭೂಕಂಪದ ಆಟ ನಮ್ಮ ಕೇರಿಗೆ ಬಂದದ್ದು ಹೀಗೆ. ಎರಡು ವರ್ಷದ ಹಿಂದೆ ಲಾತೂರಿನ ಕಡೆ ಭೂಮಿ ನಡುಗಿ, ಮಲಗಿದ್ದ ಜನ ಮಲಗಿದ್ದಂತೆಯೇ ತಮ್ಮ ಮನೆಯ ಕಲ್ಲಿನಡಿ ಹೋದರು. ಆಮೇಲೆ ದೊಡ್ಡವರಿಗೆ ಎಚ್ಚರವಾಯಿತು. ನಡುಗುವ ಭೂಮಿ ಗಡಿ ನೋಡುವುದಿಲ್ಲ, ಅಕ್ಕಪಕ್ಕದ ದೇಶಗಳೆಲ್ಲ ಕೂಡಿ ತಯಾರಾಗಬೇಕು, ಒಬ್ಬರಿಗೆ ಆಪತ್ತು ಬಂದರೆ ಇನ್ನೊಬ್ಬರು ಓಡಿಬರಬೇಕು ಅಂತ ಮಾತಾಡಿಕೊಂಡರು. ಒಳ್ಳೆಯ ಮಾತು. ಅದರ ಮೇಲೆ ನನಗೆ ಸಿಟ್ಟಿಲ್ಲ. ನೇಪಾಳ, ಬಾಂಗ್ಲಾ, ಶ್ರೀಲಂಕಾ, ಭೂತಾನದ ಜನ ಬೆಂಗಳೂರಿಗೆ ಬಂದು, ಅಲ್ಲಿಂದ ಹಿಂದೂಪುರಕ್ಕೆ ಬಂದರು. ಛತ್ರದಲ್ಲಿ ಭಾಷಣಗಳಾದವು. ಇನ್ನು ಕೈಯಲ್ಲಿ ಮಾಡಿ ತೋರಿಸುವುದು ಬಾಕಿ. ಅದಕ್ಕೆ ಲಾತೂರಿನಂಥದೇ ಮನೆಗಳು ಬೇಕು. ಕಲ್ಲಿನ ಗೋಡೆ, ಮಣ್ಣಿನ ಮೆತ್ತಿಗೆ, ಮೇಲೆ ಚಪ್ಪಡಿ.

ಶ್ರೀರಾಮಪ್ಪನ ಹಳೆಯ ದನದ ಕೊಟ್ಟಿಗೆಯೂ ಅಂಥದೇ. ಪಾಳು ಬಿದ್ದು ಹಾವು ಸೇರಿಕೊಂಡಿತ್ತು. ಆಫೀಸರ ಜೀಪು ಅದನ್ನು ಹಾದು ರೊದ್ದಂ ರಸ್ತೆ ದಾಟಿ ಕೇರಿಯೊಳಕ್ಕೆ ಬಂತು.

"ಈ ಮನೆಗಳು ಒಂದಲ್ಲ ಒಂದಿನ ನಿಮ್ಮನ್ನ ಕೊಂದಾಕ್ತವೆ. ನಾವೇ ಕೆಡವಿಸ್ತೀವಿ. ಪಕ್ಕಾ ಮನೆ ಕಟ್ಟಿಸಿ ಕೊಡ್ತೀವಿ. ಅಲ್ಲೀವರ್ಗೂ ಟೆಂಟಲ್ಲಿರಿ. ಫಾರಿನ್ ಟೆಂಟು," ಅಂದರು ಆಫೀಸರು.

ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮಕ್ಕ ಉಡುಸಲಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದು ಕೇಳಿದಳು. "ಮನೆ ಕಟ್ಟೋಗಂಟ ಟೆಂಟು ಇರ್ತದಾ ಸಾಮಿ? ನನ್ ಮಗ್ಳು ಬಾಣಂತಿ. ಹಸುಗೂಸು ಐತೆ."

"ಉಂಟುಂದಮ್ಮಾ, ಉಂಟುಂದಿ. ಇರ್ತದೆ, ಟೆಂಟು ಎಲ್ಲಿಗೋಯ್ತದೆ?"

ಆ ಒಂದು ಮಾತಿನ ಮೇಲೆ ಅಕ್ಕ ಮನೆ ಬಿಟ್ಟುಕೊಟ್ಟಳು.

ಅದು ಬರೀ ಮನೆಯಲ್ಲ. ಅಕ್ಕನೂ ನಾನೂ ಹುಟ್ಟಿದ್ದು ಕಲ್ಯಾಣದುರ್ಗದ ಆಚೆ, ಬೆಳುಗುಪ್ಪದ ದಾರಿಯ ಕೇರಿಯಲ್ಲಿ. ಅಕ್ಕನನ್ನು ಇಲ್ಲಿಗೆ ಕೊಟ್ಟರು. ನಾನು ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಮೂಟೆ ಹೊರಲು ಬಂದವನು ಅವಳ ನೆರಳಲ್ಲೇ ಉಳಿದುಕೊಂಡೆ. ನಮ್ಮ ಬಾವ ಚೌಡಣ್ಣ ಬಂಡೆ ಒಡೆಯುವವನು. ಕೂಲಿಯ ಕೆಲಸ ಮುಗಿದ ಮೇಲೆ ತನಗೆಂದು ಒಂದೊಂದೇ ಚಪ್ಪಡಿ ಎಬ್ಬಿಸುತ್ತಿದ್ದ. ಅದನ್ನು ಬೊಂಬಿಗೆ ಕಟ್ಟಿ ಪೋತಪ್ಪ, ನಾನು, ಇನ್ನಿಬ್ಬರು ಹೆಗಲು ಕೊಟ್ಟು ತರುತ್ತಿದ್ದೆವು. ನನ್ನ ಎಡ ಹೆಗಲಿನ ಮೇಲೆ ಆ ಗುರುತು ಈಗಲೂ ಇದೆ. ಹೊಸ್ತಿಲ ಕಲ್ಲನ್ನು ಬಾವ ತಾನೇ ಚಾಣ ಹಿಡಿದು ನುಣ್ಣಗೆ ಮಾಡಿದ. ಮನೆ ಮುಗಿಯುವ ಹೊತ್ತಿಗೆ ಅವನ ಎದೆಯೊಳಗೆ ಕಲ್ಲಿನ ಧೂಳು ತುಂಬಿತ್ತು. ಕೆಮ್ಮಿ ಕೆಮ್ಮಿ ಅದೇ ಹೊಸ್ತಿಲ ಮೇಲೆ ಸತ್ತ.

ಮನೆ ಕೆಡವುವ ಕೂಲಿಯನ್ನೂ ನಮಗೇ ಕೊಟ್ಟರು. ನಾನೇ ಹಾರೆ ಹಾಕಿದೆ. ಹೆಗಲ ಮೇಲೆ ಹೊತ್ತು ತಂದದ್ದನ್ನು ಕೈಯಾರೆ ಕೆಳಗೆ ತಳ್ಳಿದೆ. ಚೊಕ್ಕಟವಾಗಿ ಬಿಚ್ಚಿದರೆ ಆಗದಂತೆ. ಭೂಮಿ ನಡುಗಿ ಬಿದ್ದಂತೆ ಕಾಣಬೇಕು. ಚಪ್ಪಡಿಗಳು ಒಂದರ ಮೇಲೊಂದು ಓರೆಯಾಗಿ ನಿಲ್ಲಬೇಕು, ಸಂದಿಯಲ್ಲಿ ಮನುಷ್ಯ ಮಲಗುವಷ್ಟು ಜಾಗ ಇರಬೇಕು. ಅಕ್ಕ ತನ್ನ ಮಡಕೆ, ಚಾಪೆ, ಮೊಮ್ಮಗುವಿನ ತೊಟ್ಟಿಲು ಎಲ್ಲ ಈಚೆಗೆ ತಂದಿಟ್ಟಿದ್ದಳು. ಆಫೀಸರು ನೋಡಿ ಮುಖ ಸಿಂಡರಿಸಿದರು. "ಅವನ್ನ ಒಳಗೇ ಹಾಕ್ರಿ. ಫೋಟೊದಲ್ಲಿ ಚೆನ್ನಾಗಿ ಕಾಣ್ತದೆ."

ತೊಟ್ಟಿಲನ್ನು ಕಲ್ಲಿನ ಮೇಲೆ ಬೋರಲು ಹಾಕಿದರು. ರಾಮಾಂಜಿನಮ್ಮ, ಅಂದರೆ ಅಕ್ಕನ ಮಗಳು, ಕೂಸನ್ನು ಎದೆಗೆ ಒತ್ತಿಕೊಂಡು ಮುಖ ತಿರುಗಿಸಿದಳು.

ಇಷ್ಟಾದ ಮೇಲೆ ಆ ದಿನ ಬಂತು. ವ್ಯಾನುಗಳು ಬಂದವು. ಬಯಲಿನಲ್ಲಿ ಟೆಂಟುಗಳು ಎದ್ದವು. ನೀಲಿ ಟೆಂಟು, ದಪ್ಪ ಕಂಬಳಿ, ಸ್ಟವ್ವು. ಬಾಣಂತಿಯನ್ನು ಮೊದಲ ಟೆಂಟಿನಲ್ಲಿ ಕೂರಿಸಿ ಹೊದಿಕೆ ಹೊದಿಸಿದರು. ಬದುಕಿ ಉಳಿದವಳ ಪಾರ್ಟು ಅವಳದು. ನಮ್ಮನ್ನು ಕಲ್ಲಿನಡಿಗೆ ಇಳಿಸಿದರು.

ಒಳಗೆ ಹೋದ ಮೇಲೆ ಗೊತ್ತಾಯಿತು, ಆಟವಾದರೂ ಕಲ್ಲು ಕಲ್ಲೇ. ಮೂಗಿನ ಮುಂದೆ ಚಪ್ಪಡಿ. ಬೆನ್ನಿಗೆ ಜಲ್ಲಿ. ಮಗ್ಗುಲು ಬದಲಿಸಲು ಬರುವುದಿಲ್ಲ. ಬಾಯಿಗೆ ಮಣ್ಣು ಉದುರುತ್ತಿತ್ತು. ನಮ್ಮ ಮನೆಯ ಮಣ್ಣೇ, ಅಕ್ಕ ಸಾರಿಸಿದ ಮಣ್ಣು. ಅಕ್ಕ ಆ ಕಡೆಯ ಸಂದಿಯಲ್ಲಿದ್ದಳು. ಅವಳ ಮುಖ ನನಗೆ ಕಾಣಿಸುತ್ತಿರಲಿಲ್ಲ. ಬಳೆಯಿಲ್ಲದ ಕೈ ಕಾಣಿಸುತ್ತಿತ್ತು, ಕರಿ ಚೀಟಿ ಕಾಣಿಸುತ್ತಿತ್ತು.

"ಈರ್ಲಿಂಗಾ, ಉಸ್ರು ಕಟ್ತೈತೆ ಕಣ್ಲಾ," ಅಂದಳು ಮೆಲ್ಲಗೆ.

"ಒಸಿ ತಡ್ಕಳಕ್ಕ. ಆಗೋಯ್ತದೆ."

ಮೇಲೆ ಬೂಟುಗಳ ಸದ್ದು ಬಂತು. ಆಫೀಸರು ಬಂದವರನ್ನೆಲ್ಲ ಒಟ್ಟು ಮಾಡಿ, ಬಿದ್ದ ಮನೆಯ ಮೇಲೆ ಒಂದು ಗ್ರೂಪ್ ಫೋಟೊ ಆಗಲಿ ಅಂತ ಚಪ್ಪಡಿ ಹತ್ತಿಸಿದರು. ಶ್ರೀರಾಮಪ್ಪನೂ ಹತ್ತಿದ. ಎಲ್ಲರೂ ಹೆಗಲಿಗೆ ಹೆಗಲು ಕೊಟ್ಟು ನಿಂತರು. ನಮ್ಮ ಬಾವನ ಚಪ್ಪಡಿ, ನಾನು ಹೊತ್ತ ಚಪ್ಪಡಿ, ಕರ್ರೆಂದಿತು. ಊರೆ ಕೊಟ್ಟಿದ್ದ ಕಲ್ಲು ಜಾರಿತು. ಧೂಳು ಎದ್ದಿತು.

ಅಕ್ಕ ಕೂಗಿಕೊಂಡಳು. ಅಂಥ ಕೂಗನ್ನು ಅವಳ ಹೆರಿಗೆಯಲ್ಲೂ ನಾನು ಕೇಳಿರಲಿಲ್ಲ.

"ಕಾಲು... ಈರ್ಲಿಂಗಾ, ಕಾಲು ಸಿಕ್ಕಾಕ್ಕಂತು."

ನಾನು ಬೊಬ್ಬೆ ಹಾಕಿದೆ. "ನಮ್ಮಕ್ಕನ್ ಕಾಲು ಸಿಕ್ಕಾಕ್ಕಂಡೈತೆ, ಯಾರಾನಾ ಬರ್ರಪ್ಪೋ," ಅಂತ ಗಂಟಲು ಹರಿಯುವಂತೆ ಕೂಗಿದೆ. ಮೇಲೆ ಚಪ್ಪಾಳೆ ಬಿತ್ತು. "ಬಾಗಾ ಚೇಸ್ತುನ್ನಾಡು," ಅಂತ ಆಫೀಸರು ಮೆಚ್ಚಿಕೊಂಡರು. ಚೆನ್ನಾಗಿ ಮಾಡ್ತಿದಾನಂತೆ. ಕಿರುಚುವುದು ನನ್ನ ಕೆಲಸ ತಾನೇ. ನನ್ನ ಚೀಟಿ ಕೆಂಪು. ಇನ್ನೂ ಜೋರಾಗಿ ಕೂಗಿದೆ. ಇನ್ನೂ ಚಪ್ಪಾಳೆ. ಅಕ್ಕನ ಕಾಲು ಅಂದೆ. ಸಂದಿಯಿಂದ ಒಂದು ನೀರಿನ ಬಾಟಲಿ ಇಳಿದುಬಂತು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲಿ ಬಾಯಿಬಿಟ್ಟು ಹೇಳಿದರೂ ಬೆಕ್ಕಿಗೆ ಅದು ಚೆಲ್ಲಾಟವೇ.

ತೋಟಪ್ಪ ಅಕ್ಕನ ಕಡೆಯ ಸಂದಿಗೆ ಬಾಯಿಟ್ಟ. "ಉಡುಸಲಮ್ಮಾ, ನೀನು ಸತ್ತೋಳು. ಬಾಯ್ ಮುಚ್ಕಂಡಿರು. ಫಾರಿನ್ನೋರ ಮುಂದೆ ಊರಿನ ಮಾನ ಕಳೀಬ್ಯಾಡ."

"ನಿಜವಾಗ್ಲೂ ಸಿಕ್ಕಾಕ್ಕಂಡಿದೀನಿ ಕಣಪ್ಪ."

"ಎಲ್ಲಾರೂ ಸಿಕ್ಕಾಕ್ಕಂಡವ್ರೆ. ಆಟಾನೇ ಅದು."

ಅವನ ನೆರಳು ಸರಿಯಿತು. ಆಮೇಲೆ ಒಂದು ತಂಡ ಬಂತು. ಅಕ್ಕನ ಕೈ ನೋಡಿದರು. ಕರಿ ಚೀಟಿ ನೋಡಿದರು. ದಾಟಿಕೊಂಡು ಹೋದರು. ಇನ್ನೊಂದು ದೇಶದವರು ಬಂದರು, ಅವರೂ ದಾಟಿದರು. ಪಾಠದ ಪ್ರಕಾರ ಅವರದು ತಪ್ಪಲ್ಲ. ನಾನು ಕೈ ಚಾಚಿದರೆ ಅವಳ ಬೆರಳ ತುದಿ ಸಿಗುತ್ತಿತ್ತು. ಹಿಡಿದುಕೊಂಡೆ. ಅದು ತಣ್ಣಗಾಗುತ್ತಿತ್ತು.

ನನ್ನನ್ನು ಎತ್ತಲು ಊರಿನ ಹುಡುಗರು ಬಂದರು. ಎಲ್ಲರ ಕೈಗೂ ರಬ್ಬರ್ ಗ್ಲೌಸು. ಆ ಗ್ಲೌಸಿಲ್ಲದೆ ಕೇರಿಗೆ ಕಾಲಿಡುವುದಿಲ್ಲ ಅಂತ ಅವರು ಮೊದಲ ದಿನವೇ ಹಟ ಹಿಡಿದಿದ್ದರು. "ನನ್ನ ಬಿಡ್ರಲೇ, ಅಕ್ಕನ್ನ ಎತ್ರಿ," ಅಂದೆ. ಒದೆದೆ. ಭಯಕ್ಕೆ ಹೀಗೆ ಆಡುತ್ತಾರೆ, ಕಟ್ಟಿಹಾಕಬೇಕು ಅಂತ ಅವರ ಪಾಠದಲ್ಲಿತ್ತೋ ಏನೋ, ಸ್ಟ್ರೆಚರಿಗೆ ಹಾಕಿ ಪಟ್ಟಿ ಬಿಗಿದರು. ಅಕ್ಕನ ಬೆರಳು ನನ್ನ ಬೆರಳಿನಿಂದ ಕಿತ್ತುಹೋಯಿತು. ನನ್ನನ್ನು ಕಾಪಾಡಿದರು. ಆ ಹೊತ್ತಿನ ಸಿಟ್ಟನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಪಟ್ಟಿ ಬಿಚ್ಚದೆಯೇ ಟೆಂಟಿನಲ್ಲಿ ಮಲಗಿಸಿ, ಸೂಜಿಯಿಲ್ಲದ ಗ್ಲೂಕೋಸ್ ಕೊಳವೆಯನ್ನು ಕೈಗೆ ಅಂಟಿಸಿ ಹೋದರು. ರಾಮಾಂಜಿನಮ್ಮ ಮೂಲೆಯಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಹೊರಗೆ ಲಾರಿ ಡ್ರೈವರು ಯಾರಿಗೋ ಹೇಳುತ್ತಿದ್ದ. ಟೆಂಟಿನ ಬಟ್ಟೆಯಾಚೆ ಅವನ ಬೀಡಿಯ ವಾಸನೆ ಬರುತ್ತಿತ್ತು.

"ಫಾರಿನ್ನೋರು ಊಟಕ್ಕೆದ್ದ ತಕ್ಷಣ ಟೆಂಟೆಲ್ಲಾ ಬಿಚ್ಚಿ ಲೋಡ್ ಮಾಡ್ಬೇಕು. ಸಂಜೀಗೆ ಕಲ್ಯಾಣದುರ್ಗ ಸೇರ್ಬೇಕು. ನಾಳಿದ್ದು ಅಲ್ಲೂ ಇದೇ ಆಟ. ಬೆಳುಗುಪ್ಪದ ದಾರೀಲಿ ಒಂದು ಕೇರಿ ನೋಡವ್ರಂತೆ. ನಾಳೆ ಕೆಡವ್ತಾರೆ."

"ಇಲ್ಲಿನ ಜನ ಎಲ್ಲಿರ್ತಾರೆ?"

"ಅದು ನಂಗೇನು ಗೊತ್ತು? ಟೆಂಟು ಆಟದ್ದು. ಆಟ ಮುಗುದ್ರೆ ಟೆಂಟೂ ಮುಗೀತು."

ಬೆಳುಗುಪ್ಪದ ದಾರಿಯ ಕೇರಿ ನಾವು ಹುಟ್ಟಿದ ಕೇರಿ. ಅಲ್ಲಿ ನಮ್ಮ ಪೆದ್ದಮ್ಮ, ಅವ್ವನ ಅಕ್ಕ, ಇನ್ನೂ ಇದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಮಾತು ಸುಳ್ಳಲ್ಲ. ಯಾವ ಯಾವುದೋ ದೇಶ ಕೂಡಿ ನಮಗೆ ನೆರಳು ಕಳಿಸಿದರೆ, ಇವರು ಅದನ್ನು ತೋರಿಸಿ ಒಂದು ಕೇರಿಯ ಸೂರು ಕಿತ್ತು ಇನ್ನೊಂದಕ್ಕೆ ಹೊರಟಿದ್ದರು.

ರಾಮಾಂಜಿನಮ್ಮನೂ ಕೇಳಿಸಿಕೊಂಡಿದ್ದಳು. ಕೂಸನ್ನು ಕಂಬಳಿಯ ಮೇಲೆ ಮಲಗಿಸಿ ಬಂದು ನನ್ನ ಪಟ್ಟಿಗಳನ್ನು ಬಿಚ್ಚಿದಳು. "ಮಾಮಾ, ಅಮ್ಮ ಎಲ್ಲಿ?" ಅಂದಳು. ನಾನು ಓಡಿದೆ.

ಹೊರಗೆ ಸೀಟಿ ಊದಿದ್ದರು. ಎಲ್ಲರೂ ನಿಂತಲ್ಲೇ ನಿಂತಿದ್ದರು. ಕಲ್ಲಿನಡಿ ಯಾರಾದರೂ ಉಳಿದಿದ್ದಾರೋ ಅಂತ ಕೇಳಿಸಿಕೊಳ್ಳಲು ಸದ್ದು ನಿಲ್ಲಿಸುವ ಪದ್ಧತಿ ಅದು. ನೇಪಾಳದಿಂದ ಬಂದಿದ್ದ ಒಬ್ಬ ನಮ್ಮ ಮನೆಯ ಚಪ್ಪಡಿಗೆ ಕಿವಿ ಒತ್ತಿ ಬೋರಲು ಮಲಗಿದ್ದ. ಗಿಡ್ಡ ಆಳು. ಮೀಸೆ ಚಿಗುರಿದ ಮುಖ. ಅವನು ತಲೆ ಎತ್ತಿದ. ಮತ್ತೆ ಕಿವಿ ಇಟ್ಟ.

ಟಕ್. ಟಕ್. ಒಳಗೆ ಯಾರೋ ಕಲ್ಲಿಗೆ ಕಲ್ಲು ಬಡಿಯುತ್ತಿದ್ದರು.

ಆಫೀಸರು ಮುಗುಳ್ನಗುತ್ತ ಹತ್ತಿರ ಹೋದರು. ಹೊರಗೆ ಕಾಣುತ್ತಿದ್ದ ಕೈ ತೋರಿಸಿದರು. "ಬ್ಲ್ಯಾಕ್, ಬ್ಲ್ಯಾಕ್," ಅಂದರು. ನೇಪಾಳದವನು ಆ ಕೈ ಹಿಡಿದ. ನಾಡಿ ಒತ್ತಿದ. ಸತ್ತವರು ಕಲ್ಲು ಬಡಿಯೋದಿಲ್ಲ ಅಂತ ಹಿಂದಿಯಲ್ಲಿ ಹೇಳಿದ. ಮಂಡಿಯ ಸಾಬರ ಜತೆ ಮೂಟೆ ಹೊತ್ತು ನನಗೆ ಅಷ್ಟು ಹಿಂದಿ ಬರುತ್ತಿತ್ತು. ನಾನು ಓಡಿಹೋಗಿ, ಅವಳು ನಮ್ಮಕ್ಕ, ನಿಜವಾಗಿ ಸಿಕ್ಕಿಕೊಂಡಿದಾಳೆ ಅಂದೆ.

ಅವನು ಹೋಂಗಾರ್ಡುಗಳನ್ನು ಕರೆದ. ಅವರು ತೋಟಪ್ಪನ ಮುಖ ನೋಡಿದರು. ಆಟ ಮುಗಿಯಿತೆಂದು ಗ್ಲೌಸು ಬಿಚ್ಚಿ ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಲಾರಿಗೆ ಏರಿಸಿಬಿಟ್ಟಿದ್ದರು. ಒಬ್ಬ ಹಗ್ಗ ಎಸೆದ. ಅಕ್ಕ ಅದನ್ನು ಹಿಡಿದುಕೊಂಡರೆ ದೂರದಿಂದ ಎಳೆಯಬಹುದು ಅಂತ. ನೇಪಾಳದವನು ಹಗ್ಗ ನೋಡಿದ, ಅವರ ಮುಖ ನೋಡಿದ. ಅವನಿಗೆ ಅರ್ಥವಾಗಲಿಲ್ಲ. ಅವನೇ ಸಂದಿಯೊಳಗೆ ಇಳಿದ.

ಪಕ್ಕದ ಮನೆಯ ಕಲ್ಲುಗಳ ನಡುವೆ ಸತ್ತು ಮಲಗಿದ್ದ ಪೋತಪ್ಪ ಎದ್ದ. ನಾನು ಹಾರೆ ಹಿಡಿದೆ. ನಾವು ಇಬ್ಬರೂ ಮೇಲಿಂದ ಮೀಟಿದೆವು, ನೇಪಾಳದವನು ಕೆಳಗಿನಿಂದ ಕಲ್ಲು ಕೊಟ್ಟ. ಚಪ್ಪಡಿ ಅಲುಗಿತು. ನನ್ನ ಹೆಗಲಿಗೆ ಅದರ ಭಾರ ಗೊತ್ತಿತ್ತು. ಅಕ್ಕನ ಪಾದ ಈಚೆಗೆ ಬಂತು. ಬೆರಳು ಜಜ್ಜಿಹೋಗಿದ್ದವು. ಚರ್ಮ ಕಲ್ಲಿಗೆ ಅಂಟಿಕೊಂಡು ಉಳಿಯಿತು. ಅವಳು ಅಳಲಿಲ್ಲ. ಬಾಯಿ ತುಂಬ ಮಣ್ಣಿತ್ತು. ಉಗುಳಿದಳು.

ನೇಪಾಳದವನು ಅವಳ ಕಾಲಿಗೆ ಪಟ್ಟಿ ಸುತ್ತಿ, ಅವಳ ತೋಳನ್ನು ತನ್ನ ಕುತ್ತಿಗೆಗೆ ಹಾಕಿಕೊಂಡು ಎತ್ತಲು ಹೋದ. ಆಗ ನಾನು ಹೇಳಿದೆ.

"ಅಕ್ಕಾ, ಟೆಂಟು ಸಂಜೀಗೆ ಕಲ್ಯಾಣದುರ್ಗಕ್ಕೆ ಹೋಯ್ತವಂತೆ. ನಾಳೆ ನಮ್ಮ ಪೆದ್ದಮ್ಮನ ಕೇರಿ ಕೆಡವ್ತಾರಂತೆ."

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಬಯಲಿನ ಕಡೆ ನೋಡಿದಳು. ಆಗಲೇ ಒಂದು ಟೆಂಟಿನ ಗೂಟ ಕೀಳುತ್ತಿದ್ದರು. ಅವಳು ತನ್ನ ತೋಳನ್ನು ನೇಪಾಳದವನ ಕುತ್ತಿಗೆಯಿಂದ ಮೆಲ್ಲಗೆ ತೆಗೆದುಕೊಂಡಳು. ಬಾವ ಕಡೆದ ಹೊಸ್ತಿಲ ಕಲ್ಲು ಅಲ್ಲೇ ಇತ್ತು. ತೆವಳಿ ಹೋಗಿ ಅದರ ಮೇಲೆ ತಲೆಯಿಟ್ಟು ಮಲಗಿದಳು.

"ಲೇವಮ್ಮಾ, ಅಯಿಪೋಯಿಂದಿ," ಅಂದರು ಆಫೀಸರು. "ಮುಗೀತು, ಎದ್ದೇಳು."

"ನಾನು ಸತ್ತೋಳು."

"ಆಟ ಮುಗೀತಮ್ಮ."

"ನಿಮ್ದು ಮುಗೀತು ಸಾಮಿ. ಚೀಟಿ ಕಟ್ಟಿದ್ದು ನೀವು. ನಾನು ಕಾಲು ಸಿಕ್ಕಾಕ್ಕಂಡೈತೆ ಅಂದಾಗ ಸತ್ತೋಳು ಮಾತಾಡಂಗಿಲ್ಲ ಅಂದ್ರಿ. ಈಗ ಸತ್ತೋಳು ಏಳಂಗಿಲ್ಲ. ನನ್ ಮಗ್ಳಿಗೆ ಸೂರು ಬರೋಗಂಟ ನಾನು ಏಳಾದಿಲ್ಲ."

"ಏನಂತೆ?" ಅಂತ ಹೊರದೇಶದ ಹೆಂಗಸೊಬ್ಬಳು ಕೇಳಿದಂತಿತ್ತು. ಆಫೀಸರು ಏನೋ ಹೇಳಿ ನಕ್ಕರು. ಆ ಹೆಂಗಸೂ ನಕ್ಕಳು. ನಾನು ನೇಪಾಳದವನಿಗೆ ನನ್ನ ಮುರುಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಮನೆ ಕೆಡವಿದ್ದು, ಟೆಂಟು, ಬಾಣಂತಿ. ಅವನ ಮುಖ ಕಪ್ಪಿಟ್ಟಿತು. ಎದ್ದು ತನ್ನ ಮೇಲಿನವನ ಹತ್ತಿರ ಹೋದ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಮೇಲಿನವನು ಅವನ ಹೆಗಲ ಮೇಲೆ ಕೈ ಹಾಕಿ ತಲೆ ಆಡಿಸಿದ. ಅವನು ತಿರುಗಿ ಬಂದ. ಇದು ನಿಮ್ಮ ದೇಶದೊಳಗಿನ ವಿಷಯವಂತೆ, ನಾನು ಬಾಯಿ ಹಾಕುವ ಹಾಗಿಲ್ಲವಂತೆ ಅಂದ. ತನ್ನ ಪಟ್ಟಿಯ ಸುರುಳಿಯನ್ನು ಅಕ್ಕನ ಪಕ್ಕದಲ್ಲಿಟ್ಟು ವ್ಯಾನು ಹತ್ತಿದ. ವ್ಯಾನುಗಳು ಹಿಂದೂಪುರದ ಕಡೆ ಊಟಕ್ಕೆ ಹೋದವು.

ನಡುಗುವ ಭೂಮಿ ಗಡಿ ನೋಡುವುದಿಲ್ಲವಂತೆ. ದೇಶದಿಂದ ದೇಶಕ್ಕೆ ದಾರಿ ಮಾಡಿಕೊಂ‍ಡವರಿಗೆ ಊರಿನಿಂದ ಕೇರಿಗೆ ಬರುವ ದಾರಿ ಸಿಗಲಿಲ್ಲ.

ಅವರು ಹೋದ ಮೇಲೆ ಆಫೀಸರ ನಗು ಹೋಯಿತು. "ಏಳ್ತೀಯೋ ಇಲ್ವೋ?" ಅಂದರು. ಅಕ್ಕ ಕಣ್ಣು ಮುಚ್ಚಿದಳು.

ಮೊದಲು ಪೋತಪ್ಪ ನಡೆದ. ಲಾರಿಯ ದಾರಿಗೆ ಅಡ್ಡವಾಗಿ ಬಿದ್ದಿದ್ದ ತನ್ನ ಮನೆಯ ಕಲ್ಲುಗಳ ಮೇಲೆ ಮಲಗಿದ. ಅವನ ಕೈಯ ಕರಿ ಚೀಟಿ ಹಾಗೇ ಇತ್ತು. ಆಮೇಲೆ ಕರಿ ಚೀಟಿಯವರೆಲ್ಲ ತಮ್ಮ ತಮ್ಮ ಮನೆಯ ಜಾಗಕ್ಕೆ ಹೋಗಿ ಮಲಗಿದರು. ಹಳದಿಯವರು ತಮ್ಮ ಚೀಟಿ ಕಿತ್ತು ಬಿಸಾಡಿದರು. ತೋಟಪ್ಪನ ಡಬ್ಬಿಯಲ್ಲಿ ಉಳಿದಿದ್ದ ಕರಿ ಚೀಟಿಗಳನ್ನು ಹಂಚಿಕೊಂಡರು. "ಲೇಯ್, ಅವು ಕಲ್ಯಾಣದುರ್ಗದವು," ಅಂತ ತೋಟಪ್ಪ ಡಬ್ಬಿಗೆ ಕೈ ಹಾಕಲು ಬಂದ. ಅಷ್ಟರಲ್ಲಿ ಎಲ್ಲರ ಕೈಯೂ ಅದರಲ್ಲಿತ್ತು. ಮುಟ್ಟಬೇಕಾಗುತ್ತದಲ್ಲ ಅಂತ ಹಿಂದೆ ಸರಿದ.

ರಾಮಾಂಜಿನಮ್ಮ ಟೆಂಟಿನ ಬಾಗಿಲಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಗೂಟ ಕೀಳುವವರು ಬಂದು ಸುತ್ತ ನಿಂತರು. ಅವಳು ಜರುಗಲಿಲ್ಲ.

ನಾನೂ ಒಂದು ಕರಿ ಚೀಟಿ ತೆಗೆದುಕೊಂಡೆ. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದುಕೊಂಡೆ. ಅಕ್ಕನ ಪಕ್ಕದಲ್ಲಿ ಮಲಗಿದೆ. ಬಿಸಿಲಿಗೆ ಕಲ್ಲು ಕಾದಿತ್ತು. ನನಗೆ ಹೆದರಿಕೆಯಾಗಿತ್ತು. ಎದ್ದರೆ ಹೋಗಲು ಜಾಗವಿಲ್ಲ. ಮಲಗಿದರೆ ಲಾಠಿ ಬರುತ್ತದೆ. ಎರಡೂ ಕಡೆ ಕಲ್ಲೇ.

"ಎತ್ರಿ ಇವರನ್ನ, ದಾರಿಯಿಂದ ಆಚೆ ಹಾಕ್ರಿ," ಅಂತ ಆಫೀಸರು ಹೋಂಗಾರ್ಡುಗಳಿಗೆ ಕೂಗಿದರು.

ಹುಡುಗರು ತಮ್ಮ ಬರಿಗೈ ನೋಡಿಕೊಂಡರು. ಗ್ಲೌಸಿನ ಪೆಟ್ಟಿಗೆ ಲಾರಿಯಲ್ಲಿ ಎಲ್ಲಕ್ಕಿಂತ ಅಡಿಯಲ್ಲಿತ್ತು. ಅದರ ಮೇಲೆ ಸ್ಟವ್ವು, ಕಬ್ಬಿಣದ ಸಾಮಾನು, ಜನರೇಟರು. ಅವರು ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಶ್ರೀರಾಮಪ್ಪ ಬೇವಿನ ಮರದಡಿಯಿಂದ ಗಂಟಲು ಸರಿಮಾಡಿಕೊಂಡ.

"ನಮ್ಮ ಹುಡ್ರು ಹೆಂಗೆ ಎತ್ತಾರು ಸಾ? ಸಾವಿನ ಚೀಟಿ ಬೇರೆ ಕಟ್ಕಂಡು ಮಲ್ಗವ್ರೆ. ಅದು ನಮ್ಮ ಪದ್ಧತಿ ಅಲ್ಲ."

"ಹಂಗಾದ್ರೆ ಈ ಊರಲ್ಲಿ ಹೆಣ ಎತ್ತೋರು ಯಾರ್ರೀ?"

ಶ್ರೀರಾಮಪ್ಪ ಕೈ ಎತ್ತಿ ತೋರಿಸಲು ಹೋದ. ಕೈ ಅರ್ಧಕ್ಕೇ ನಿಂತಿತು. ಅದನ್ನು ಹಾಗೇ ಕೆಳಗಿಳಿಸಿ ಟವೆಲಿನಿಂದ ಮುಖ ಒರೆಸಿಕೊಂಡ.

ಆಫೀಸರು ಪೊಲೀಸರಿಗೆ ಹೇಳಿಕಳಿಸಿದರು. ನೆರಳು ಒಂದಿಷ್ಟು ಉದ್ದವಾಯಿತು. ಲಾರಿ ಡ್ರೈವರು ಇಂಜಿನು ಆರಿಸಿ ಟಯರಿಗೆ ಒರಗಿ ಕೂತ. ಅಕ್ಕನ ಪಟ್ಟಿಯಿಂದ ರಕ್ತ ಹೊಸ್ತಿಲಿಗೆ ಇಳಿಯುತ್ತಿತ್ತು. "ನೋಯ್ತದಾ ಅಕ್ಕ?" ಅಂದೆ. "ಸತ್ತೋರನ್ನ ಮಾತಾಡಿಸ್ಬ್ಯಾಡ ಕಣ್ಲಾ," ಅಂದಳು.

ಜೀಪು ಬಂತು. ಏನಾಗಿದೆ ಅಂತ ಕಾನಿಸ್ಟೇಬಲ್ಲಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಹೆಣಗಳನ್ನು ದಾರಿಯಿಂದ ತೆಗೆಸಬೇಕು ಅಂತಷ್ಟೇ ಅವನಿಗೆ ಗೊತ್ತು. ಜೀಪು ಅಭ್ಯಾಸದ ಮೇಲೆ ಪೋತಪ್ಪನ ಬಾಗಿಲಿಗೆ ಬಂದು ನಿಂತಿತು. ಬಾಗಿಲಿರಲಿಲ್ಲ. ಕಾನಿಸ್ಟೇಬಲ್ಲು ಜೀಪಿನಿಂದ ಇಳಿಯಲಿಲ್ಲ. ಯಾವತ್ತೂ ಕೂಗುವ ಹಾಗೆಯೇ ಕೂಗಿದ.

"ಪೋತಪ್ಪಾ, ಹೆಣ ಐತೆ, ಬಾರ್ಲಾ."

ಜೀಪಿನ ಚಕ್ರದ ಮುಂದೆಯೇ ಪೋತಪ್ಪ ಮಲಗಿದ್ದ. ಕೂಗು ಕೇಳಿ ಅವನ ಕಾಲು ಒಮ್ಮೆ ಅದುರಿತು. ಆ ಕೂಗಿಗೆ ಅವನ ಅಪ್ಪ ಎದ್ದಿದ್ದ. ಅವನೂ ಇಷ್ಟು ವರ್ಷ ತಟ್ಟೆ ಬಿಟ್ಟು ಎದ್ದಿದ್ದ. ಕೇರಿಯವರೆಲ್ಲ ಮಲಗಿದ್ದಲ್ಲಿಂದಲೇ ಆ ಕಾಲನ್ನು ನೋಡುತ್ತಿದ್ದೆವು. ಕಾನಿಸ್ಟೇಬಲ್ಲು ಮತ್ತೊಮ್ಮೆ ಕೂಗಿದ.

ಪೋತಪ್ಪ ಏಳಲಿಲ್ಲ.